ಗೌಡರು ಒಡೆದ ಸ್ಟಿಲ್ ಲೈಫ್

ಕಲೆ ಜನರಿಗೆ ತಿಳಿಯುವುದಿಲ್ಲ ಎನ್ನುವವರಿಗೆ ತಿಳಿಸಿ ಹೇಳಲು ಬರುವುದಿಲ್ಲ, ಅಷ್ಟೇ ಎಂದು ನಾನು ನಂಬಿದ್ದೆ. ಎಪ್ಪತ್ತರ ದಶಕದಲ್ಲಿ ಮಿಶ್ರಿಕೋಟಿ ಕಡೆಯ ಒಂದು ಹಳ್ಳಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಶಾಲಾ ಸಮಿತಿಯ ಅಧ್ಯಕ್ಷರಾದ ಗೌಡರು ಡ್ರಾಯಿಂಗ್ ತಾಸು ತೆಗೆದು ಬೇಸಾಯ ಕಲಿಸಬೇಕೆಂದು ಹಟ ಹಿಡಿದರು. ತಾಸು ಹೋದರೆ ನನ್ನ ನೌಕರಿಯೂ ಹೋದಂತೆಯೇ! ಹಿರಿಯರಿಗೆಲ್ಲ ಕಲೆಯೆಂದರೇನು ಎಂದು ತಿಳಿಸುತ್ತೇನೆ, ಆಮೇಲೆ ತೀರ್ಮಾನ ಮಾಡಿ ಎಂದೆ. ಸೋಮವಾರ ಸಂಜೆ ಬರುತ್ತೇವೆಂದರು.

ಸ್ಟಿಲ್ ಲೈಫ್ ಎಂದರೆ ಅಲುಗಾಡದ ವಸ್ತುಗಳನ್ನು ಜೋಡಿಸಿಟ್ಟು, ನೆರಳು ಬೆಳಕು ನೋಡಿ ಬರೆಯುವ ಚಿತ್ರ. ಪರದೇಶದವರು ಸೇಬು, ಶೀಸೆ ಇಡುತ್ತಾರೆ. ನನಗೆ ಸಿಕ್ಕಿದ್ದು ಮನೆಯ ತಾಮ್ರದ ಕೊಡ, ಬಾಳೆಹಣ್ಣು, ತೆಂಗಿನಕಾಯಿ. ಶಾಲೆಯ ಮೇಜಿಗೆ ಬಿಳಿ ಧೋತರ ಹಾಸಿದೆ. ಎತ್ತರ ಸಾಲದೆನಿಸಿ ಕಾಯಿಯನ್ನು ಕೊಡದ ಬಾಯಿಗಿಟ್ಟೆ. ಹಸಿರು ಬೇಕೆನಿಸಿ ಸುತ್ತ ವೀಳ್ಯದೆಲೆ ಸಿಕ್ಕಿಸಿದೆ.

ಕೊಡ ತಂದುಕೊಟ್ಟ ನನ್ನ ಹೆಂಡತಿ ನೋಡಿ, “ಇದು ಕಳಸ ಆಗೇತ್ರಿ” ಎಂದಳು.

“ಕಾಂಪೋಸಿಷನ್ ಅಂತಾರ ಇದಕ್ಕ. ನಿನಗ ತಿಳಿಯಂಗಿಲ್ಲ, ಮನಿಗೆ ನಡಿ” ಎಂದು ಗದರಿದೆ.

ಗೌಡರು ಬಂದವರೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಹಿಂದಿದ್ದ ಹಿರಿಯರೂ ಬಿಟ್ಟರು. ಕಲೆಗೆ ಎಂಥ ಗೌರವ ಎಂದು ನಾನು ಉಬ್ಬಿಹೋದೆ. ಉಬ್ಬಿದವನು ಸ್ಟಿಲ್ ಲೈಫ್ ಮುಗಿಸಿ ನೇರ ಕ್ಯೂಬಿಸಂಗೆ ಜಿಗಿದೆ. ಪ್ಯಾರಿಸ್ಸಿನಲ್ಲಿ ಹಾಗೊಂದು ಚಳವಳಿ ಎದ್ದಿತ್ತು, ಆ ಕಲಾವಿದರು ವಸ್ತುವನ್ನು ಒಡೆದು ಎಲ್ಲ ಮಗ್ಗುಲನ್ನೂ ಒಮ್ಮೆಗೇ ತೋರಿಸುತ್ತಿದ್ದರು ಎಂದು ವಿವರಿಸಿ, ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದೆ.

ಹಿಂದೆ ಟಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಕೊಡದ ಮೇಲೆ ವಿಭೂತಿ, ಗೌಡರ ಕೈಯಲ್ಲಿ ಕಾಯಿಯ ಎರಡು ಹೋಳು!

“ಏನ್ ಮಾಡಿದ್ರಿ ಗೌಡ್ರ?” ಎಂದು ಒದರಿದೆ.

“ಒಡದು ತೋರಸ್ತಾರ ಅಂತ ನೀವಽ ಅಂದ್ರಲ್ರಿ ಮಾಸ್ತರ. ನೀವು ಬರಕೋಂತ ನಿಂತ್ರಿ, ಹೊತ್ತಾತು ಅಂತ ನಾನಽ ಒಡದೆ.”

ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಅಲುಗಾಡಬಾರದ ವಸ್ತುಗಳು ಒಂದೊಂದಾಗಿ ಹಿರಿಯರ ಹೊಟ್ಟೆ ಸೇರುತ್ತಿದ್ದವು. ಇದು ಪೂಜೆಯಲ್ಲ, ಕಲೆ ಎಂದು ಕೂಗಾಡಿದೆ. ಪ್ರಸಾದದ ಮುಂದೆ ಸಿಟ್ಟು ಮಾಡಬಾರದೆಂದು ಒಬ್ಬ ಹಿರಿಯರು ನನ್ನ ತೆರೆದ ಬಾಯಿಗೇ ಬಾಳೆಹಣ್ಣು ತುರುಕಿದರು. ಕಲೆಯ ಪರವಾಗಿ ಮುಂದೆ ಒಂದು ಮಾತೂ ಹೊರಡಲಿಲ್ಲ.

ಗೌಡರು ತೀರ್ಪು ಕೊಟ್ಟರು: “ಡ್ರಾಯಿಂಗ್ ತಾಸು ತೆಗಿಯೂದು ಬ್ಯಾಡ. ಸೋಮವಾರಕ್ಕೊಮ್ಮೆ ಹಿಂಗಽ ನಡೀಲಿ. ಆದ್ರ ಮಾಸ್ತರ, ಮುಂದಿನ ಸಲ ಜಳಕಾ ಮಾಡಿ ಬರ್ರಿ.”

ಇಂಥ ಅವಮಾನ ಸಹಿಸುವುದೇ? ಕಲೆಯ ಮಾನಕ್ಕಾಗಿ ರಾಜೀನಾಮೆ ಎಸೆಯಬೇಕೆಂದು ವಾರವಿಡೀ ಕುದಿದೆ.

ಸೋಮವಾರ ಬಂತು. ಜಳಕ ಮಾಡಿಯೇ ಹೋದೆ.