ಕಾಲಿಗೆ ಎರಡು ಹಲಗೆ

ಮೂವತ್ತು ವರ್ಷ ಯಶವಂತಪುರದಲ್ಲಿ ಈರುಳ್ಳಿ ಮಂಡಿ ನಡೆಸಿದ ನನ್ನನ್ನ ನೋಡಿ ನಗೋ ಧೈರ್ಯ ಯಾರಿಗೂ ಬಂದಿರಲಿಲ್ಲ. ಕಾಲಿಗೆ ಎರಡು ಹಲಗೆ ಕಟ್ಟಿಕೊಂಡ ದಿನದಿಂದ ನೋಡಿ, ವಾರಕ್ಕೊಬ್ಬರಾದರೂ ನಗ್ತಾನೇ ಇದ್ದಾರೆ. ಐವತ್ನಾಲ್ಕು ದಾಟಿದ ಮನುಷ್ಯ ಹೊಸದೇನಾದರೂ ಕಲಿಯೋಕೆ ಹೊರಟರೆ ಈ ಊರಿನವರಿಗೆ ಅದು ಬಿಟ್ಟಿ ನಾಟಕ.

ಯಾಕೆ ಕಟ್ಟಿಕೊಂಡೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಹೋದ ವರ್ಷ ಚಳಿಗಾಲದಲ್ಲಿ ಹೆಂಡತಿ ಕಡೆಯವರ ಜೊತೆ ಮನಾಲಿಗೆ ಹೋಗಿದ್ವಿ. ಅಲ್ಲಿ ಹಿಮದ ಮೇಲೆ ಸ್ಕೀ ಅನ್ನೋ ಜಾರುಹಲಗೆ ಕಾಲಿಗೆ ಹಾಕಿಕೊಂಡು ನಿಂತೆ. ನಿಂತೆ ಅನ್ನೋದು ನನ್ನ ಗೌರವಕ್ಕೆ ಹೇಳಿಕೊಂಡ ಮಾತು. ಮೂರು ಸಲ ಬಿದ್ದ ಮೇಲೆ, ಕಲಿಸ್ತಿದ್ದವನು ಬೇಸತ್ತು ನನ್ನನ್ನ ಒಂದು ಲಾರಿ ಟ್ಯೂಬಿನಲ್ಲಿ ಕೂರಿಸಿ ಕೆಳಕ್ಕೆ ತಳ್ಳಿದ. ನಾನು ಬುಗುರಿ ಥರ ತಿರುಗ್ತಾ ಇಳಿದಿದ್ದನ್ನ ನನ್ನ ಷಡ್ಡಕ ವಿಡಿಯೋ ಮಾಡಿ, ಸಂಜೆಯೊಳಗೆ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ.

ಈ ಷಡ್ಡಕ ಅಂದರೆ ನನ್ನ ನಾದಿನಿಯ ಗಂಡ. ಚಿಕ್ಕಜಾಲದವನು, ಅಪ್ಪ ರಾಗಿ ಬೆಳೀತಿದ್ದ ಹೊಲದಲ್ಲಿ ಸೈಟು ಮಾಡಿ ಮಾರ್ತಾನೆ. ಅವತ್ತಿನಿಂದ ನಾಮಕರಣ ಇರಲಿ, ತಿಥಿ ಇರಲಿ, ನನ್ನ ಮುಖ ಕಂಡ ತಕ್ಷಣ ಒಂದೇ ಪ್ರಶ್ನೆ: "ಎಂಗಿದೀರಣ್ಣಾ, ಟ್ಯೂಬಲ್ಲಿ ಗಾಳಿ ಐತಾ?" ತಿಥಿ ಮನೆಯಲ್ಲಿ ಪುರೋಹಿತರೂ ನಕ್ಕರು.

ಈ ವರ್ಷವೂ ಮನಾಲಿಗೇ ಹೋಗೋದು ಅಂತ ತೀರ್ಮಾನ ಆಯ್ತು. ಇನ್ನೂ ಎರಡು ತಿಂಗಳಿತ್ತು. ಅದೇ ಇಳಿಜಾರನ್ನ ಒಂದು ಸಲ, ಒಂದೇ ಒಂದು ಸಲ, ನಿಂತುಕೊಂಡು ಇಳೀಬೇಕು, ನೆಂಟರೆಲ್ಲ ನೋಡಬೇಕು. ಅಷ್ಟಾದರೆ ಆ ಟ್ಯೂಬಿನ ಋಣ ಹರೀತು ಅಂದುಕೊಂಡೆ.

೧. ಬೂಟು

ಹೆಬ್ಬಾಳದ ಹತ್ತಿರ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಸ್ಕೀ ಕಲಿಸೋ ಯಂತ್ರ ಇದೆ. ಹಿಮ ಗಿಮ ಏನೂ ಇಲ್ಲ. ಓರೆಯಾಗಿ ಹಾಸಿದ ದೊಡ್ಡ ಕಾರ್ಪೆಟ್ಟು, ಕೆಳಗಿನಿಂದ ಮೇಲಕ್ಕೆ ಉರುಳ್ತಾ ಇರುತ್ತೆ. ನಾವು ಅದರ ಮೇಲೆ ಇಳೀತಾ ಇದ್ದರೂ ಇದ್ದಲ್ಲೇ ಇರ್ತೀವಿ. ಹಿಡಿದುಕೊಳ್ಳೋಕೆ ಮುಂದೆ ಒಂದು ಅಡ್ಡ ಕಂಬಿ. ಕಲಿಸೋರು ಜಾಲಹಳ್ಳಿಯ ಒಬ್ಬ ಮೇಡಂ. ಅಪ್ಪ ಏರ್‌ಫೋರ್ಸಿನಲ್ಲಿದ್ದಾಗ ಕಾಶ್ಮೀರದಲ್ಲಿ ಬೆಳೆದವರಂತೆ.

ಮಾಲು ಯಾವಾಗ ಕೈಗೆ ಬರುತ್ತೆ ಅಂತ ಕೇಳದೆ ನಾನು ಯಾವ ವ್ಯವಹಾರಕ್ಕೂ ಇಳಿದವನಲ್ಲ. ಎಷ್ಟು ದಿನಕ್ಕೆ ಬರುತ್ತೆ ಮೇಡಂ ಅಂದೆ.

"ವಾರಕ್ಕೆ ಮೂರು ಸಲ ತಪ್ಪದೆ ಬನ್ನಿ ಅಂಕಲ್. ನಾಲ್ಕನೇ ಕ್ಲಾಸಿಗೆ ಕಂಬಿ ಬಿಡ್ತೀರ, ಹತ್ತನೇದಕ್ಕೆ ಎಡಕ್ಕೆ ಬಲಕ್ಕೆ ತಿರುಗ್ತೀರ. ಮಧ್ಯೆ ಗ್ಯಾಪ್ ಕೊಟ್ರೆ ಮಾತ್ರ ನನ್ನ ಕೇಳ್ಬೇಡಿ."

ಅಂಕಲ್ ಅಂದಿದ್ದನ್ನ ನುಂಗಿಕೊಂಡು ಹೆಸರು ಬರೆಸಿದೆ. ಮೊದಲನೇ ಕ್ಲಾಸು ಪೂರ್ತಿ ಬೂಟಿಗೇ ಹೋಯ್ತು. ಅದು ಬೂಟಲ್ಲ, ಕಾಲಿಗೆ ಮಾಡಿಸಿದ ಜೈಲು. ಮೂಳೆ ಮುರಿಯದೇನೇ ಪ್ಲಾಸ್ಟರ್ ಹಾಕಿದ ಹಾಗೆ. ಒಳಗೆ ತೂರಿಸೋಕೆ ಅರ್ಧ ಗಂಟೆ, ಹೊರಗೆ ಎಳೆಯೋಕೆ ಮೇಡಂ ಮತ್ತು ವಾಚ್‌ಮನ್ ಇಬ್ಬರೂ ಬೇಕಾಯ್ತು.

ಮನೆಗೆ ಬಂದಾಗ ಹೆಂಡತಿ ಕೇಳಿದಳು, ಇವತ್ತು ಏನು ಕಲಿತ್ರಿ ಅಂತ. ಬೂಟು ಹಾಕೋದು ಕಲಿತೆ ಅಂದೆ.

"ಅದನ್ನ ನಮ್ಮ ಮಕ್ಕಳಿಗೆ ಎಲ್‌ಕೆಜಿಯಲ್ಲೇ ನಾನು ಕಲಿಸಿದ್ನಲ್ರೀ. ನೀವೂ ಅವಾಗ್ಲೇ ಪಕ್ಕದಲ್ಲಿ ಕೂತಿದ್ರೆ ಆಗ್ತಿತ್ತು."

೨. ಅನುಭವಸ್ಥರು

ನಾಲ್ಕನೇ ಕ್ಲಾಸು ಆಯ್ತು, ಏಳನೇದೂ ಆಯ್ತು, ನನ್ನ ಕೈ ಕಂಬಿ ಬಿಡಲಿಲ್ಲ. ಹೇಳಿದ ಮಾತಿಗೆ ನಡೆದುಕೊಳ್ಳಬೇಕು ಮೇಡಂ ಅಂತ ಸ್ವಲ್ಪ ಜೋರಾಗೇ ಅಂದೆ. ಅವರು ತಣ್ಣಗೆ, "ನಾನು ಬಿಟ್ಟು ಬಹಳ ದಿನ ಆಯ್ತು ಅಂಕಲ್, ಹಿಡ್ಕೊಂಡಿರೋದು ನೀವು," ಅಂದ್ರು.

ನನ್ನ ಪಾಳಿ ಮುಗಿದ ಮೇಲೆ ಆರ್.ಟಿ. ನಗರದಿಂದ ಏಳು ವರ್ಷದ ಒಂದು ಹುಡುಗಿ ಬರ್ತಿದ್ದಳು. ನನಗಿಂತ ಎರಡು ವಾರ ತಡವಾಗಿ ಸೇರಿದವಳು. ಕಂಬಿ ಅಂತ ಒಂದು ಇದೆ ಅನ್ನೋದೇ ಅವಳಿಗೆ ಗೊತ್ತಿದ್ದ ಹಾಗಿರಲಿಲ್ಲ. ಬೀಳೋಳು, ಎದ್ದೇಳೋಳು, ಮೂಗು ಒರೆಸಿಕೊಂಡು ಮತ್ತೆ ಹೊರಡೋಳು. ಅವಳ ತೂಕ ನನ್ನ ಮಂಡಿಯ ಅರ್ಧ ಮೂಟೆಯಷ್ಟೂ ಇಲ್ಲ, ಬಿದ್ದರೆ ಕಳ್ಕೊಳ್ಳೋದೇನು ಅಂತ ನನಗೆ ನಾನೇ ಹೇಳಿಕೊಂಡೆ.

ಒಂದು ದಿನ ನಾನು ಕಂಬಿ ಹಿಡಿದು ಬೆವರ್ತಾ ಇರೋದನ್ನ ಅವಳು ಕೈಕಟ್ಟಿಕೊಂಡು ನೋಡ್ತಾ ನಿಂತಿದ್ದಳು. ಆಮೇಲೆ ಹತ್ತಿರ ಬಂದು, "ತಾತ, ಭಯ ಆದ್ರೆ ಕಣ್ಣು ಮುಚ್ಕೋಬೇಡಿ. ನಾನೂ ಮುಂಚೆ ಹಂಗೇ ಮಾಡ್ತಿದ್ದೆ," ಅಂದಳು.

ಮುಂಚೆ ಅಂದ್ರೆ ಯಾವಾಗಮ್ಮಾ ಅಂತ ಕೇಳಿದೆ.

"ಮೊನ್ನೆ."

೩. ಲಾರಿ ಹಲಗೆ

ಅಭ್ಯಾಸ ಬಿಡಬಾರದು ಅಂತ ಮಂಡಿಯಲ್ಲೂ ಗಲ್ಲಾಪೆಟ್ಟಿಗೆ ಹಿಂದೆ ಮೊಣಕಾಲು ಬಗ್ಗಿಸಿ ನಿಲ್ಲೋಕೆ ಶುರು ಮಾಡಿದೆ. ಅರ್ಧ ಕೂತ, ಅರ್ಧ ನಿಂತ ಭಂಗಿ. ಎರಡು ನಿಮಿಷಕ್ಕೆ ತೊಡೆ ನಡುಗುತ್ತೆ, ಮುಖ ಕೆಂಪಾಗುತ್ತೆ. ಚಳ್ಳಕೆರೆಯಿಂದ ಈರುಳ್ಳಿ ತಂದಿದ್ದ ರೈತರೊಬ್ಬರು ಬಹಳ ಹೊತ್ತು ನೋಡಿ, ಯಾರಿಗೂ ಕೇಳಿಸದ ಹಾಗೆ ಹತ್ತಿರ ಬಗ್ಗಿ ಹೇಳಿದರು, ಮೂಲವ್ಯಾಧಿಗೆ ತಮ್ಮೂರಲ್ಲಿ ಒಬ್ಬರು ಒಳ್ಳೇ ಔಷಧಿ ಕೊಡ್ತಾರಂತೆ, ಮುಂದಿನ ಲೋಡಿನ ಜೊತೆ ಕಳಿಸಿಕೊಡ್ತಾರಂತೆ. ಬೇಡ ಅಂದರೂ ಕಳಿಸಿದರು.

ಇದನ್ನೆಲ್ಲ ನಮ್ಮ ಹಿರಿಯ ಹಮಾಲಿ ನೋಡ್ತಾ ಇದ್ದ. ಲಾರಿಯಿಂದ ನೆಲಕ್ಕೆ ಓರೆಯಾಗಿ ಹಲಗೆ ಹಾಕಿ, ಬೆನ್ನ ಮೇಲೆ ಮೂಟೆ ಹೊತ್ತು ದಿನವಿಡೀ ಇಳಿಯೋನು. ಅವನು ಬೀಡಿ ಆರಿಸಿ ಎದ್ದು ಬಂದ.

"ಸಾವ್ಕಾರ್ರೇ, ಕಾಲು ಸರಿ ಐತೆ, ಎದೆ ಯಾಕೆ ಹಿಂದಕ್ಕೆ ಎಳ್ಕೊಂಡಿದೀರ? ಇಳಿಜಾರಲ್ಲಿ ಹಿಂದಕ್ಕೆ ವಾಲಿದೋನು ಬಿದ್ದ. ಭಾರ ಮುಂದಕ್ಕೆ ಬಿಡಿ."

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ನನ್ನ ಬೆನ್ನ ಮೇಲೆ ಅರ್ಧ ಮೂಟೆ ಈರುಳ್ಳಿ ಹೇರಿ, ಅದೇ ಹಲಗೆಯ ಮೇಲೆ ನಾಲ್ಕು ಸಲ ಇಳಿಸಿದ. ಇಡೀ ಮಾರ್ಕೆಟ್ಟು ಕೆಲಸ ಬಿಟ್ಟು ನೋಡಿತು. ಆದರೆ ಮಾರನೇ ದಿನ ಹೆಬ್ಬಾಳದಲ್ಲಿ ಎದೆ ಮುಂದಕ್ಕೆ ಬಿಟ್ಟೆ ನೋಡಿ, ಕಂಬಿ ತಾನಾಗೇ ಬಿಟ್ಟುಹೋಯ್ತು. ಇಂಥ ಬದಲಾವಣೆ ಹೇಗಾಯ್ತು ಅಂತ ಮೇಡಂ ಕಣ್ಣರಳಿಸಿ ಕೇಳಿದ್ರು.

ನನಗೆ ಖುಷಿಗಿಂತ ಸಿಟ್ಟು ಬಂತು. ಫೀಸು ಹೆಬ್ಬಾಳಕ್ಕೆ, ವಿದ್ಯೆ ಯಶವಂತಪುರದಲ್ಲಿ. ವಾಪಸು ಬಂದು ಹಮಾಲಿಯನ್ನ ತರಾಟೆಗೆ ತಗೊಂಡೆ, ಇಷ್ಟು ಚೆನ್ನಾಗಿ ಗೊತ್ತಿದ್ದವನು ಮೊದಲೇ ಯಾಕೆ ಹೇಳಲಿಲ್ಲ ಅಂತ.

"ಇಪ್ಪತ್ತು ವರ್ಷದಿಂದ ದಿನಾ ನಿಮ್ಮ ಕಣ್ಣ ಮುಂದೇನೇ ಇಳೀತಿದೀನಲ್ಲ ಸಾವ್ಕಾರ್ರೇ. ನೀವು ಮೂಟೆ ಹರೀತಾ ಅಂತ ಮಾತ್ರ ನೋಡ್ತಿದ್ರಿ."

೪. ಗ್ಯಾಪು

ಮೇಡಂ ಬೇಡ ಅಂದಿದ್ದ ಗ್ಯಾಪ್ ಕೊಡಿಸಿದವನೂ ಆ ಷಡ್ಡಕನೇ. ಅವನ ಹೊಸ ಮನೆಯ ಗೃಹಪ್ರವೇಶ ಅಂತ ನನ್ನ ಹತ್ತು ದಿನ ಹೋಯ್ತು. ತಿರುಗಿ ಹೋದರೆ ನನ್ನ ಕಾಲಿಗೆ ನನ್ನ ಗುರುತೇ ಸಿಗಲಿಲ್ಲ. ಮತ್ತೆ ಕಂಬಿ. ಆ ಹುಡುಗಿ ದೂರದಿಂದಲೇ ನೋಡಿ ತಲೆ ಅಲ್ಲಾಡಿಸಿದಳು.

ಅಲ್ಲಿಂದ ಒಂದು ದಿನವೂ ತಪ್ಪಿಸಲಿಲ್ಲ. ಯಂತ್ರದ ಮೇಲೆ ಅರ್ಧ ಗಂಟೆ, ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ. ಎಂಟು ವಾರ ತುಂಬೋ ಹೊತ್ತಿಗೆ ಎಡಕ್ಕೂ ಬಲಕ್ಕೂ ತಿರುಗ್ತಿದ್ದೆ, ಮೇಡಂ ಚಪ್ಪಾಳೆ ಹೊಡೀತಿದ್ರು. ಅವರ ಒಂದೇ ದೂರು, ನಾನು ನಿಲ್ಲಿಸೋದನ್ನ ಅಭ್ಯಾಸ ಮಾಡ್ತಿಲ್ಲ ಅನ್ನೋದು. ಸ್ಕೀಗಳ ಮುಂತುದಿ ಹತ್ತಿರ ತಂದು ಹಿಮ್ಮಡಿ ಹೊರಕ್ಕೆ ಒತ್ತಬೇಕಂತೆ, ಆಗ ವೇಗ ತಗ್ಗುತ್ತಂತೆ. ಎರಡು ಸಲ ಮಾಡಿದೆ, ತೊಡೆ ಉರಿದುಹೋಯ್ತು. "ಆಫ್ ಮಾಡಿ ಮೇಡಂ" ಅಂದರೆ ಗುಂಡಿ ಒತ್ತಿ ಅವರೇ ನಿಲ್ಲಿಸ್ತಿದ್ರು. ಒಂದು ಮಾತಿನಲ್ಲಿ ಮುಗಿಯೋ ಕೆಲಸಕ್ಕೆ ತೊಡೆ ಯಾಕೆ ಸವೆಸಬೇಕು ಹೇಳಿ.

೫. ಇಳಿಜಾರು

ಮನಾಲಿ. ಅದೇ ಇಳಿಜಾರು. ಬಾಡಿಗೆ ಕೋಟು ತೊಟ್ಟ ಷಡ್ಡಕ ಅರ್ಧ ದಾರಿ ಕೆಳಗೆ ಮೊಬೈಲ್ ಎತ್ತಿ ಹಿಡಿದು ನಿಂತಿದ್ದ. ಯಲಹಂಕದಲ್ಲಿ ಅತ್ತೆ ಮನೆಯಲ್ಲಿ ಸೇರಿದ್ದ ನೆಂಟರಿಗೆಲ್ಲ ನೇರವಾಗಿ ತೋರಿಸ್ತೀನಿ ಅಂತ ವಿಡಿಯೋ ಕಾಲ್ ಮಾಡಿದ್ದ. ನನಗೆ ಬೇಕಾಗಿದ್ದೂ ಅದೇ. ತನ್ನ ಬೆನ್ನ ಹಿಂದೆ ಒಂದು ಟ್ಯೂಬೂ ತಂದು ಮಲಗಿಸಿದ್ದ.

"ರೆಡಿ ಮಡಗಿವ್ನಿ ಅಣ್ಣಾ, ನೀವು ಬೀಳೋದೇ ಬಾಕಿ," ಅಂತ ಕೂಗಿದ.

ಹೆಂಡತಿಯೂ ನಾದಿನಿಯೂ ಇಳಿಜಾರಿಗೆ ಇನ್ನೂ ಬಂದಿರಲಿಲ್ಲ. ಎಲ್‌ಕೆಜಿಯಲ್ಲೇ ಬೂಟು ಕಲಿಸಿದವಳು ತಂಗಿಯನ್ನೂ ನಿಲ್ಲಿಸಿಕೊಂಡು ಬಾಡಿಗೆ ಅಂಗಡಿಯಲ್ಲಿ ಇನ್ನೂ ಎಡಗಾಲಿನ ಬೂಟಿನ ಜೊತೆ ಗುದ್ದಾಡ್ತಿದ್ದಳು.

ಎದೆ ಮುಂದಕ್ಕೆ ಬಿಟ್ಟೆ. ಬೆನ್ನ ಮೇಲೆ ಅರ್ಧ ಮೂಟೆ ಇದೆ ಅಂದುಕೊಂಡೆ. ಹೊರಟೆ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಬೀಳಲಿಲ್ಲ. ಹೋದ ವರ್ಷ ಟ್ಯೂಬಿಗೆ ತಳ್ಳಿದ್ದವನೇ ಶಹಬ್ಬಾಸ್ ಅಂದಿದ್ದು ಕಿವಿಗೆ ಬಿತ್ತು. ಷಡ್ಡಕ ಹತ್ತಿರ ಹತ್ತಿರ ಬರ್ತಿದ್ದ. ಇನ್ನು ಸಾಕು ಅನ್ನಿಸಿ, ಗಂಭೀರವಾಗಿ, "ಆಫ್ ಮಾಡಿ ಮೇಡಂ," ಅಂದೆ.

ಯಾರೂ ಆಫ್ ಮಾಡಲಿಲ್ಲ. ಇನ್ನೊಂದು ಸಲ ಜೋರಾಗಿ ಅಂದೆ. ಮೂರನೇ ಸಲ ಕಿರುಚಿದೆ. ಆಗ ಹೊಳೀತು, ಗುಂಡಿ ಹೆಬ್ಬಾಳದಲ್ಲಿದೆ.

ಷಡ್ಡಕ ಮೊಬೈಲ್‌ನಿಂದ ಕಣ್ಣು ಕೀಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಎರಡೂ ಕೈ ಚಾಚಿ ಅವನ ಎದೆಗೆ ಡಿಕ್ಕಿ ಹೊಡೆದು ನಿಂತೆ. ನಿಂತೆ ಅಂದ್ರೆ ನಿಜವಾಗಿ ನಿಂತೆ, ಈ ಸಲ ಗೌರವದ ಮಾತಲ್ಲ. ಅವನು ಹಿಂದಕ್ಕೆ ಕುಸಿದು ತಾನೇ ತಂದಿಟ್ಟಿದ್ದ ಟ್ಯೂಬಿನಲ್ಲಿ ಕೂತ. ಟ್ಯೂಬು ಹೊರಟಿತು. ಬುಗುರಿ ಥರ ತಿರುಗ್ತಾ, ಚಾ ಅಂಗಡಿ ದಾಟಿ, ಕುದುರೆ ಕಟ್ಟಿದ್ದ ಕಡೆಗೆ ಹೋಯ್ತು.

ಮೊಬೈಲ್ ಹಿಮದ ಮೇಲೆ ಅಂಗಾತ ಬಿದ್ದಿತ್ತು. ಎತ್ತಿಕೊಂಡರೆ ಪರದೆ ತುಂಬ ಯಲಹಂಕದ ಮುಖಗಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗ್ತಿದ್ದಾರೆ. ಮಧ್ಯದಲ್ಲಿ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ತಿದ್ದರು.

ಅತ್ತೆ, ಪೂರ್ತಿ ನಿಂತುಕೊಂಡೇ ಇಳಿದೆ, ನೋಡಿದ್ರಾ ಅಂತ ಕೇಳಿದೆ. ಎರಡು ತಿಂಗಳ ಶ್ರಮಕ್ಕೆ ನನಗೆ ಬೇಕಿದ್ದಿದ್ದು ಅದೊಂದೇ ಉತ್ತರ.

"ನಿಮ್ಮನ್ನೆಲ್ಲಿ ನೋಡೋದು ಅಳಿಯಂದ್ರೇ. ಈ ಪುಣ್ಯಾತ್ಮ ಮೊಬೈಲ್ ಕ್ಯಾಮೆರಾನ ತನ್ನ ಕಡೆಗೇ ತಿರುಗಿಸ್ಕೊಂಡಿದ್ದ. ಮೊದಲು ಇವನ ಹಲ್ಲು ಕಾಣಿಸ್ತು, ಆಮೇಲೆ ಬರೀ ಬಾಯಿ, ಆಮೇಲೆ ಆಕಾಶ." ಅಷ್ಟು ಹೇಳಿ ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅದಿರ್ಲಿ, ಯಾರೋ ಪಾಪ, ಆಫ್ ಮಾಡಿ ಮೇಡಂ, ಆಫ್ ಮಾಡಿ ಮೇಡಂ ಅಂತ ಬಾಯಿ ಬಡ್ಕೊಳ್ತಿದ್ರಲ್ಲ, ಯಾರದು?"

ಸುತ್ತ ಒಮ್ಮೆ ನೋಡಿದೆ.

"ಯಾರೋ ಹೊಸಬರು ಅತ್ತೆ, ಈಗಿನ್ನೂ ಕಲೀತಿದ್ದಾರೆ," ಅಂದೆ.