ಕಂಬ ಕಂಬವಾಗಿ ಬಿಡಿಸಿಕೊಂಡ ಮನೆ

ಚಾಮರಾಜನಗರದಲ್ಲಿ ಆ ಕಾಲಕ್ಕೆ ನಮ್ಮ ಯಜಮಾನರಷ್ಟು ಮನೆ ಕೊಂಡವರು ಇನ್ನೊಬ್ಬರಿರಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ದೊಡ್ಡ ದೊಡ್ಡ ಸಾಹುಕಾರರು ಹೆಚ್ಚೆಂದರೆ ಮೂರೋ ನಾಲ್ಕೋ ಮನೆ ಕೊಂಡಿರಬಹುದು. ನಮ್ಮವರು ಅರವತ್ತು ಸಲ ಕೊಂಡರು! ಅರವತ್ತು ಸಲವೂ ಕೊಂಡದ್ದು ಒಂದೇ ಮನೆಯನ್ನು ಎಂಬುದು ಬೇರೆ ಮಾತು. ಅದು ಅವರ ಸ್ವಂತ ಅಪ್ಪ ಕಟ್ಟಿಸಿದ ಮನೆ ಎಂಬುದು ಇನ್ನೂ ಬೇರೆ ಮಾತು.

ಇದೆಂಥ ಲೆಕ್ಕ ಎಂದಿರಾ? ಹೇಳುತ್ತೇನೆ, ಕೇಳಿ. ನಮ್ಮವರು ಪ್ರೈಮರಿ ಶಾಲೆಯ ಮೇಷ್ಟ್ರು. ಸಂಬಳ ಎಂಬತ್ತು ರೂಪಾಯಿ. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ತಣ್ಣಗೆ ಇದ್ದವರನ್ನು ಗುಂಡ್ಲುಪೇಟೆಯ ಸ್ನೇಹಿತನೊಬ್ಬ ಬಂದು ಕೆಡಿಸಿದ. ಅವನ ಹತ್ತಿರ ಒಂದು ಹಳೇ ಲಾರಿ ಇತ್ತಂತೆ. ಈರುಳ್ಳಿ ತುಂಬಿಕೊಂಡು ಘಾಟಿ ಇಳಿಸಿದರೆ ಕೇರಳದಲ್ಲಿ ಒಂದಕ್ಕೆ ಮೂರಂತೆ. "ಅಲ್ಲಿ ಈರುಳ್ಳಿ ಬಂಗಾರ ಇದ್ದಂಗೆ ಕಣಮ್ಮಿ" ಎಂದು ನಮ್ಮವರು ನನಗೆ ಹೇಳುವಾಗ ಅವರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಮನೆಯನ್ನು ಅಡಮಾನವಿಟ್ಟು ಎರಡು ಸಾವಿರದ ನಾನೂರು ರೂಪಾಯಿ ತಂದರು. ಲಾರಿ ಮೊದಲನೇ ಸಲವೇ ಘಾಟಿಯಲ್ಲಿ ಕೂತುಬಿಟ್ಟಿತು. ಮಳೆ ಹಿಡಿಯಿತು. ಐದನೇ ದಿನಕ್ಕೆ ನಮ್ಮ ಬಂಗಾರವೆಲ್ಲ ಮೊಳಕೆ ಒಡೆದು ಹಸಿರಾಯಿತು. ಸ್ನೇಹಿತ ಲಾರಿಯ ಗಾಲಿ ಬಿಚ್ಚಿ ಮಾರಿಕೊಂಡು ಕೊಯಮತ್ತೂರಿನ ಕಡೆ ಹೋದವನು ಇವತ್ತಿಗೂ ಬಂದಿಲ್ಲ.

ಸಾಲ ಕೊಟ್ಟವರು ಜವಳಿ ಅಂಗಡಿಯ ಸಾಹುಕಾರರು. ಹತ್ತು ವರ್ಷದ ವಾಯಿದೆ, ತಪ್ಪಿದರೆ ಮನೆ ಅವರದು. ಕೆಟ್ಟವರೇನಲ್ಲ. ಆದರೆ ನಮ್ಮ ಮನೆ ಬಸ್ಸು ಓಡಾಡುವ ಬೀದಿಯಲ್ಲಿತ್ತಲ್ಲ, ಅದರ ಮೇಲೆ ಅವರಿಗೆ ಮನಸ್ಸಾಗಿತ್ತು. ನಮ್ಮ ಬೀದಿಯಲ್ಲಿ ಹಾದುಹೋಗುವಾಗಲೆಲ್ಲ ಜಗುಲಿಯ ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸಿಕೊಂಡು ನಡೆಯುವರು. ಅಂಗಡಿಗೆ ಎಷ್ಟು ಬಾಗಿಲು ಇಡಿಸಬಹುದು ಎಂದು ಅಂದಾಜು! ಅವರು ಅತ್ತ ಹೋದೊಡನೆ ನಾನು ಒಂದು ಬಿಂದಿಗೆ ನೀರು ತಂದು ಜಗುಲಿ ತೊಳೆದುಬಿಡುತ್ತಿದ್ದೆ.

ಒಂದು ವಾರ ನಮ್ಮವರು ಊಟ ಬಿಟ್ಟು ಕೂತರು. ಎಂಟನೇ ದಿನ ಎದ್ದು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಂದು ತುಂಡು ಸೀಮೆಸುಣ್ಣ ಹಿಡಿದು ಬಂದರು.

"ಎಲ್ಡು ಸಾವಿರದ ನಾನೂರು ಅಂದ್ರೆ ಎದೆ ಒಡೆದೋಯ್ತದೆ ಕಣಮ್ಮಿ. ಅದೇ ಒಸ್ಲು ಅಂದ್ರೆ ಬರೀ ಇಪ್ಪತ್ತು ರೂಪಾಯಿ. ಇಪ್ಪತ್ತು ರೂಪಾಯ್ಗೆ ಯಾರಾದ್ರೂ ಎದೆ ಒಡ್ಕಂಡಾರಾ?"

ಹೀಗೆ ಶುರುವಾಯಿತು ನೋಡಿ! ಮನೆಯನ್ನು ಅರವತ್ತು ಭಾಗ ಮಾಡಿದರು. ಹೊಸ್ತಿಲಿಗೆ ಇಷ್ಟು, ಕಂಬಕ್ಕೆ ಇಷ್ಟು, ಕಿಟಕಿಗೆ ಇಷ್ಟು. ಬಡ್ಡಿ ಕಟ್ಟಿ, ಮೇಲೆ ಅಸಲಿಗೆ ಎಷ್ಟು ಕೊಟ್ಟರೋ ಅಷ್ಟು ಬೆಲೆಯ ಮನೆ ಆ ತಿಂಗಳು ನಮಗೆ ಸೇರಿದ ಹಾಗೆ. ಮೊದಲನೇ ತಿಂಗಳು ಇಪ್ಪತ್ತು ರೂಪಾಯಿ ಕೊಟ್ಟು ಬಂದು ಹೊಸ್ತಿಲ ಮೇಲೆ ದೊಡ್ಡ ಅಕ್ಷರದಲ್ಲಿ "ನಮ್ಮದು" ಎಂದು ಬರೆದರು. ಸೀಮೆಸುಣ್ಣ ಶಾಲೆಯದಲ್ಲ, ಸ್ವಂತ ದುಡ್ಡಿನದು. ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಬಿಡಿಸಿಕೊಂಡ ಭಾಗ ನಮ್ಮದಾದರೆ ಬಿಡಿಸಿಕೊಳ್ಳದ್ದು ಯಾರದು? ಸಾಹುಕಾರರದು! ಪರರ ಸ್ವತ್ತನ್ನು ಮುಟ್ಟಬಾರದಲ್ಲ! ಒಂದು ಬೆಳಗ್ಗೆ ನಮ್ಮ ಅತ್ತೆ ಜಗುಲಿಯ ಬಲಗಡೆ ಕಂಬಕ್ಕೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದರು.

"ಆ ಕಂಬಕ್ಕೆ ಒರಗ್ಬೇಡ ಕಣವ್ವಾ. ಅದಿನ್ನೂ ಸಾವ್ಕಾರ್ರುದು. ಎಡಗಡೇದು ನಮ್ದು."

ಅತ್ತೆ ಕುಟ್ಟಾಣಿ ಎತ್ತಿದರು. "ನನ್ ಗಂಡ ಸಂತೇಮರಳ್ಳಿಯಿಂದ ಗಾಡೀಲಿ ತಂದು ನಿಲ್ಸಿದ್ ಕಂಬ ಕಣ್ಲಾ ಇದು! ಒರಗ್ಬೇಡ ಅನ್ನಕ್ಕೆ ನೀನ್ಯಾರ್ಲಾ?"

"ನಾನು ಅದ್ನ ಅಡ ಇಟ್ಟೋನು ಕಣವ್ವಾ."

ಅತ್ತೆ ಗೊಣಗುತ್ತ ಎಡಗಡೆಯ ಕಂಬಕ್ಕೆ ಹೋದರು. ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯಿತು. "ಬರೋ ತಿಂಗ್ಳು ಆ ಕಂಬ ಬುಡುಸ್ಕೊಡ್ನಿಲ್ಲ ಅಂದ್ರೆ ನಾನು ಉಡಿಗಾಲಕ್ಕೆ ತಮ್ಮನ ಮನೆಗೆ ಒಯ್ತೀನಿ ನೋಡು" ಎಂದರು. ಬರುವ ತಿಂಗಳು ಆ ಕಂಬ ಬಿಡುಗಡೆಯಾಯಿತು.

ಮಳೆಗಾಲ ಬಂತು, ಚಾವಣಿ ಸೋರಿತು. ಬೇರೆ ಯಾರಾದರೂ ಏಣಿ ಹಾಕಿ ಹೆಂಚು ಸರಿಮಾಡುತ್ತಿದ್ದರು. ನಮ್ಮವರು ಕೊಡೆ ಹಿಡಿದು ನೇರವಾಗಿ ಜವಳಿ ಅಂಗಡಿಗೆ ಹೋದರು. ಅಂಗಡಿಯ ತುಂಬ ಮದುವೆ ಸೀರೆಯ ಗಿರಾಕಿಗಳು.

"ಸಾವ್ಕಾರ್ರೆ, ನಿಮ್ ಹೆಂಚು ಸೋರ್ತಾ ಅವೆ."

"ನನ್ ಹೆಂಚಾ? ನಿಮ್ ಮನೇದಲ್ವಾ ಮೇಷ್ಟ್ರೆ?"

"ನಮ್ದು ಒಸ್ಲು, ಎಲ್ಡು ಕಂಬ, ಅರ್ಧ ಜಗ್ಲಿ. ಚಾವಣಿ ಇನ್ನೂ ನಿಮ್ದೇಯ. ನಿಮ್ ಹೆಂಚಿನ ನೀರು ನಮ್ ಒಸ್ಲು ಮ್ಯಾಲೆ ಬೀಳ್ತಾ ಅದೆ. ಒಸ್ಲು ಕೆಟ್ಟೋದ್ರೆ ಜವಾಬ್ದಾರ್ರು ಯಾರು?"

ಗಿರಾಕಿಗಳು ಸೀರೆ ಬಿಟ್ಟು ಇವರನ್ನು ನೋಡತೊಡಗಿದರು. ಈ ಮೇಷ್ಟ್ರು ಎದ್ದು ಹೋದರೆ ಸಾಕಪ್ಪಾ ಎಂದು ಸಾಹುಕಾರರು ಇಪ್ಪತ್ತೈದು ಹೆಂಚು ಕಳಿಸಿದರು. ನಾನು ಗೆದ್ದೆವೆಂದುಕೊಂಡೆ. ಎಲ್ಲಿ! ಪರರ ಹೆಂಚಿನ ಕೆಳಗೆ ಪುಕ್ಕಟೆ ಮಲಗಿದ್ದೇವೆ ಎಂದು ನಮ್ಮವರಿಗೆ ನಾಚಿಕೆ ಹತ್ತಿತು. ಮುಂದಿನ ತಿಂಗಳುಗಳಲ್ಲಿ ಬೇರೆಲ್ಲ ಬಿಟ್ಟು ಚಾವಣಿಯನ್ನೇ ಬಿಡಿಸಿಕೊಂಡರು. ಆ ಇಪ್ಪತ್ತೈದು ಹೆಂಚಿಗೆ ಅಂಗಡಿಯ ಬೆಲೆ ಬೇರೆ ಕಟ್ಟಿಕೊಟ್ಟರು!

ಇನ್ನು ಮನೆಖರ್ಚಿನ ವಿಷಯ. ನಾವು ಶಿವಭಕ್ತರು, ಸೋಮವಾರ ಒಪ್ಪತ್ತು ಮೊದಲಿಂದಲೂ ಇತ್ತು. ಸಾಲ ಬಂದ ಮೇಲೆ ನಮ್ಮವರ ಭಕ್ತಿ ವಿಪರೀತ ಬೆಳೆಯಿತು. ಗುರುವಾರ ಸೇರಿತು. ಶನಿವಾರ ಸೇರಿತು. ಒಂದು ದಿನ ಏಕಾದಶಿಯೂ ಬಂತು.

"ಏಕಾದಸಿ ನಮಗ್ಯಾಕ್ಲಾ?" ಎಂದರು ಅತ್ತೆ.

"ದೇವ್ರುಗಳಲ್ಲಿ ಭೇದ ಎಣುಸ್ಬಾರ್ದು ಕಣವ್ವಾ" ಎಂದರು ಮಗರಾಯರು.

ರಂಜಾನ್ ತಿಂಗಳು ಹತ್ತಿರ ಬಂದಾಗ ನನಗೆ ಗಾಬರಿಯಾಯಿತು. ಇವರು ಭೇದವಿಲ್ಲದವರು, ಏನು ಗ್ಯಾರಂಟಿ? ನಾನು ಉಪಾಯ ಮಾಡಿದೆ. ಉಪವಾಸ ಎಂದರೆ ಫಲಾಹಾರ ಬೇಡವೇ? ಬಾಳೆಹಣ್ಣು, ಬೆಲ್ಲದವಲಕ್ಕಿ, ತುಪ್ಪದ ಸಜ್ಜಿಗೆ ಎಲ್ಲ ಶಾಸ್ತ್ರೋಕ್ತವಾಗಿ ಮಾಡಿ ಬಡಿಸಿದೆ. ಅತ್ತೆ ಎರಡೆರಡು ಸಲ ಹಾಕಿಸಿಕೊಂಡರು. ತಿಂಗಳ ಕೊನೆಗೆ ನೋಡಿದರೆ ಊಟಕ್ಕಿಂತ ಉಪವಾಸಕ್ಕೇ ಹೆಚ್ಚು ಖರ್ಚಾಗಿತ್ತು! ಮರುದಿನದಿಂದ ಮನೆಯಲ್ಲಿ ಮಾಮೂಲಿನಂತೆ ರಾಗಿಮುದ್ದೆ.

ಖರ್ಚಿನಲ್ಲಿ ಸೋತವರು ಸಂಪಾದನೆಗೆ ಕೈಹಾಕಿದರು. ಭಾನುವಾರ ಬಂದರೆ ಲಾರಿಯ ಮೂಟೆಗಳ ಮೇಲೆ ಪುಕ್ಕಟೆ ಕೂತು ಗುಂಡ್ಲುಪೇಟೆಗೆ ಹೋಗಿಬಿಡುವರು. ಅಲ್ಲಿ ಈರುಳ್ಳಿ ಮಂಡಿಯಲ್ಲಿ ಕೇರಳದ ವ್ಯಾಪಾರಿಗಳಿಗೂ ನಮ್ಮ ರೈತರಿಗೂ ನಡುವೆ ದುಭಾಷಿ. ಮಲೆಯಾಳ ಎಲ್ಲಿ ಕಲಿತರು ಅಂತೀರಾ? ಕಲಿಯಲೇ ಇಲ್ಲ! ಅವರಿಗೆ ಗೊತ್ತಿದ್ದದ್ದು ಮೂರೇ ಮಾತು: ಎಷ್ಟು, ಬೇಡ, ಸರಿ. "ಮಾರೋನು ಎಚ್ಗೆ ಕೇಳ್ತಾನೆ, ಕೊಳ್ಳೋನು ಕಮ್ಮಿ ಕೇಳ್ತಾನೆ. ಇದ್ರಾಗೆ ಭಾಷೆ ಏನ್ ಬಂತು ಅಮ್ಮಿ?" ಎನ್ನುವರು. ಮಾತೂ ನಿಜವೇ. ಎರಡು ಕಡೆಯಿಂದಲೂ ಎರಡೆರಡಾಣೆ ಬರುತ್ತಿತ್ತು.

ಒಂದು ಭಾನುವಾರ ಒಬ್ಬ ವ್ಯಾಪಾರಿ ಉಡಿಗಾಲದ ರೈತನ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಹೊತ್ತು ಏನೋ ಹೇಳಿದನಂತೆ.

"ಏನಂತಾರೆ ಮೇಷ್ಟ್ರೆ?" ಎಂದು ರೈತ ಕೇಳಿದ.

"ಮೂಟೆಗೆ ಎಂಟಾಣೆ ಕಮ್ಮಿ ಮಾಡು ಅಂತಾವ್ರೆ."

ಪಾಪ, ಕಣ್ಣೀರು ನೋಡಿ ಕರಗಿದ ರೈತ ಎಂಟಾಣೆ ಇಳಿಸಿಯೇಬಿಟ್ಟ. ಆಮೇಲೆ ಲಾರಿಯ ಡ್ರೈವರನಿಂದ ತಿಳಿಯಿತು, ವ್ಯಾಪಾರಿ ತನ್ನ ಮಗಳ ಮದುವೆಗೆ ಕರೆಯುತ್ತಿದ್ದನಂತೆ! ಬೆಲೆ ಇಳಿಸಿದ್ದನ್ನು ಅವನು ಮದುವೆಯ ಮುಯ್ಯಿ ಎಂದುಕೊಂಡು ರೈತನನ್ನು ತಬ್ಬಿಕೊಂಡನಂತೆ. ಆ ಇಬ್ಬರೂ ಆಮೇಲೆ ವರ್ಷಗಟ್ಟಲೆ ನಮ್ಮವರ ಮೂಲಕವೇ ವ್ಯಾಪಾರ ಮಾಡಿದರು. ಎಂಥ ದುಭಾಷಿ ನೋಡಿ!

ಅಷ್ಟರಲ್ಲಿ ಸರ್ಕಾರ ಆಣೆ ತೆಗೆದು ನಯಾಪೈಸೆ ತಂದಿತು. ಊರಿಗೆ ಊರೇ ತಲೆ ಕೆರೆದುಕೊಳ್ಳುತ್ತಿರುವಾಗ ನಮ್ಮವರು ಮಾತ್ರ ಹಿಗ್ಗಿದರು. ಎಷ್ಟು ಆಣೆಗೆ ಎಷ್ಟು ನಯಾಪೈಸೆ ಎಂದು ರಟ್ಟಿನ ಮೇಲೆ ದುಂಡಗೆ ಬರೆದು, ಒಂದೊಂದು ಆಣೆಗೆ ಅಂಗಡಿ ಅಂಗಡಿಗೂ ಮಾರಿದರು. ಅಂಗಡಿಯವರು ಆ ರಟ್ಟನ್ನೇ ನೋಡಿ, ಆಣೆಗೆ ಆರು ನಯಾಪೈಸೆ ಎಂದು ಎಣಿಸಿ ಕೊಟ್ಟರು. ನ್ಯಾಯವಾಗಿ ಆರೂಕಾಲು ಬರಬೇಕು! ಒಂದೊಂದು ರಟ್ಟಿಗೂ ಕಾಲು ನಯಾಪೈಸೆ ನಷ್ಟವಾಯಿತೆಂದು ಆ ದಿನ ಮುಖ ಊದಿಸಿಕೊಂಡು ಬಂದರು. ಮರುದಿನದಿಂದ ರಟ್ಟಿನ ಬೆಲೆ ನಾಲ್ಕಾಣೆಯಾಯಿತು. ನಾಲ್ಕಾಣೆಗೆ ಸರಿಯಾಗಿ ಇಪ್ಪತ್ತೈದು ನೋಡಿ!

ನಾನೇನು ಸುಮ್ಮನೆ ಕೂತಿದ್ದೆನೇ? ಮುತ್ತುಗದ ಎಲೆ ತರಿಸಿ ಊಟದ ಎಲೆ ಹಚ್ಚಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕೊಡುತ್ತಿದ್ದೆ. ಮೂರು ವರ್ಷ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದನ್ನು ಒಂದು ದಿನ ಅವರ ಮುಂದೆ ಸುರಿದು, "ಅಡಿಗೆಮನೆ ನಾನು ಬುಡುಸ್ಕತೀನಿ" ಎಂದೆ. ದುಡ್ಡು ತೆಗೆದುಕೊಂಡು ಹೋಗಿ ಕಟ್ಟಿಬಂದರು. ಬಂದವರು ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬರೆಯಲು ಹೋದಾಗ ನಾನು ಕೈಯಿಂದ ಕಿತ್ತುಕೊಂಡು "ನನ್ನದು" ಎಂದು ಬರೆದೆ. ಅಂದಿನಿಂದ ನಮ್ಮವರು ಬಾಗಿಲಲ್ಲಿ ನಿಂತು, "ಒಳೀಕ್ ಬರ್ಲಾ ಅಮ್ಮಿ? ಒಂದ್ ಲೋಟ ನೀರು ಬೇಕಾಗಿತ್ತು" ಎಂದು ಕೇಳುವರು. ತಮಾಷೆಗಲ್ಲ, ನಿಜವಾಗಿಯೂ ಕೇಳುವರು! ನಾನೂ ಬಿಗಿಯಾಗಿಯೇ, "ಕಾಲು ತೊಳ್ಕಂಡ್ ಬನ್ನಿ" ಎನ್ನುತ್ತಿದ್ದೆ.

ಆರು ವರ್ಷಕ್ಕೆ ಹಿತ್ತಲ ಬಾಗಿಲೊಂದು ಉಳಿಯಿತು. ನಲವತ್ತು ರೂಪಾಯಿ. ಅದೂ ಕೈಯಲ್ಲಿತ್ತು. ಅಂದು ಸಂಜೆ ಸಾಹುಕಾರರೇ ಮನೆಗೆ ಬಂದರು. ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು.

"ಇನ್ನೂ ನಾಕು ವರ್ಸ ವಾಯಿದೆ ಅದಲ್ಲಾ ಮೇಷ್ಟ್ರೆ, ಏನ್ ಅವಸ್ರ? ಮಡಿಕ್ಕೊಳಿ ದುಡ್ಡ. ಬೇಕಾದ್ರೆ ಪತ್ರದ ಮ್ಯಾಲೆ ಇನ್ನೊಂದ್ ಎಲ್ಡು ಸಾವಿರ ಕೊಡ್ತೀನಿ. ಗುಂಡ್ಲುಪೇಟೇಲಿ ಒಂದು ಲಾರಿ ಮಾರಾಟಕ್ಕದೆ. ಒಳ್ಳೇ ಗಾಡಿ. ಈರುಳ್ಳಿಗೆ ಈಗ ಬಲೇ ರೇಟು."

ನಾನು ಬಾಗಿಲ ಹಿಂದೆ ನಿಂತು ನಮ್ಮವರ ಮುಖ ನೋಡಿದೆ. ಅಯ್ಯೋ ಶಿವನೇ! ಅದೇ ಬೆಕ್ಕಿನ ಕಣ್ಣು! ಆರು ವರ್ಷ ಎಲೆ ಹಚ್ಚಿ ಹಚ್ಚಿ ಬೆರಳು ಒಡೆದದ್ದೆಲ್ಲ ಮತ್ತೆ ಘಾಟಿಯ ಪಾಲಾಗುತ್ತದಲ್ಲ ಎಂದು ಅಳುವೇ ಬಂತು. ನಮ್ಮವರು "ಯೋಚ್ನೆ ಮಾಡ್ತೀನಿ" ಎಂದು ಸಾಹುಕಾರರನ್ನು ಕಳಿಸಿದರು. ನಾನು ಬಡಿಸಿದೆ, ಅವರು ಉಂಡರು.

ಬೆಳಗ್ಗೆ ಎದ್ದು ಅಂಗಿ ಹಾಕಿಕೊಂಡು, "ನೀನೂ ನಡಿ ಅಮ್ಮಿ, ರಿಜಿಸ್ಟ್ರಾರ್ ಕಚೇರಿಗೆ ಓಗನ" ಎಂದರು. ಅಲ್ಲಿ ಜಗುಲಿಯ ಮೇಲೆ ಪತ್ರ ಬರೆಯುವ ಮುದುಕರೊಬ್ಬರು ಕೂತಿರುತ್ತಿದ್ದರು. ಸಾಹುಕಾರರನ್ನೂ ಕರೆಸಿದರು. ನಲವತ್ತು ರೂಪಾಯಿ ಎಣಿಸಿಕೊಟ್ಟರು. ಸಾಲ ತೀರಿತೆಂದು ಪತ್ರವಾಯಿತು. ಸಾಹುಕಾರರು ಸಪ್ಪೆ ಮುಖದಲ್ಲೇ ಕೈಮುಗಿದು ಹೊರಟುಹೋದರು. ನನಗೆ ಹಾರಿ ಕುಣಿಯುವಷ್ಟು ಖುಷಿ. ಏಳೋಣವೆಂದರೆ ನಮ್ಮವರು ಏಳಲಿಲ್ಲ.

"ಇನ್ನೊಂದು ಪತ್ರ ಬರೀರಿ ಸ್ವಾಮಿ. ಮನೆ ನಮ್ ಮನೇವ್ರ ಹೆಸರಿಗೆ."

"ಯಾಕೆ ಮೇಷ್ಟ್ರೆ? ಈಗ ತಾನೆ ನಿಮ್ದಾಯ್ತಲ್ಲ!"

"ನನ್ ಹೆಸರಲ್ಲಿದ್ರೆ ಇನ್ನೊಂದ್ಸಲ ಅಡ ಇಟ್ಬುಡ್ತೀನಿ ಸ್ವಾಮಿ. ನಂಗೆ ನನ್ ಬುದ್ಧಿ ಗೊತ್ತು. ನಿನ್ನೆ ಸಾಯಂಕಾಲ ಲಾರಿ ಅಂದೇಟ್ಗೆ ಜೀವ ಎಂಗೆಂಗೋ ಆಗೋಯ್ತು."

ಮುದುಕರು ನಕ್ಕು ಲೇಖನಿ ಅದ್ದಿದರು. "ಹೆಸ್ರು ಹೇಳಿ."

ನಮ್ಮವರು ಬೆವರಿದರು. ನಮ್ಮ ಕಡೆ ಹೆಂಡತಿಯ ಹೆಸರು ಹಿಡಿಯುವ ಪದ್ಧತಿ ಆಗ ಇರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನಗೊಂದು ಹೆಸರಿದೆ ಎಂಬುದು ನನಗೇ ಮರೆತುಹೋಗಿತ್ತು. ಅವರು ಚಾವಣಿ ನೋಡಿದರು, ಬೀದಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಚೆನ್ನಾಜಮ್ಮ" ಎಂದರು, ಮೆಲ್ಲಗೆ.

ಮುದುಕರು ಕಿವಿಗೆ ಕೈ ಒಡ್ಡಿದರು. "ಗಟ್ಟಿಯಾಗಿ ಹೇಳಿ ಮೇಷ್ಟ್ರೆ."

"ಚೆನ್ನಾಜಮ್ಮ!"

"ಆ?"

"ಚೆನ್ನಾಜಮ್ಮಾ!" ಕಚೇರಿಯ ಜಗುಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ.

ಆಮೇಲೆ ಅವರು ಇರುವಷ್ಟು ಕಾಲ ನನ್ನನ್ನು ಅಮ್ಮಿ ಎಂದೇ ಕರೆದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಆ ಮೂರೇ ಸಲ. ಆ ಪತ್ರ ಬರೆಯುವ ಮುದುಕರ ಹೊಟ್ಟೆ ತಣ್ಣಗಿರಲಿ! ಅವರ ಕಿವಿ ಸರಿಯಾಗಿದ್ದಿದ್ದರೆ ನನಗೆ ಒಂದೇ ಸಲ ಸಿಗುತ್ತಿತ್ತು.