ಬಾಟಲಿಯಲ್ಲಿ ಹದಿನೇಳು ಮರಿ

ಭದ್ರಾವತಿಯ ಗುತ್ತಿಗೆ ಆರೋಗ್ಯ ಕಾರ್ಯಕರ್ತ ಯೋಗರಾಜನಿಗೆ ಕಷ್ಟ ಬಂದದ್ದು ಅವನು ಕೆಲಸವನ್ನು ಸರಿಯಾಗಿ ಮಾಡಿದ್ದರಿಂದ.

"ಹನ್ನೊಂದಕ್ಕೆ ಶಿವಮೊಗ್ಗದಿಂದ ದೊಡ್ಡ ಸಾಹೇಬ್ರು ಬರ್ತಾರೆ, ಡೆಂಗಿ ಜಾಗೃತಿ. ಜನಕ್ಕೆ ತೋರ್ಸೋಕೆ ಜೀವ ಇರೋ ಸೊಳ್ಳೆಮರಿ ಬೇಕು," ಎಂದು ಬೆಳಿಗ್ಗೆಯೇ ಕಚೇರಿಯ ಸಾಹೇಬರು ಖಾಲಿ ಬಾಟಲಿ ಕೈಗಿಟ್ಟರು. "ಬರಿಗೈಲಿ ಬಂದ್ರೆ ನಿನ್ನ ಗುತ್ತಿಗೆ ಇವತ್ತಿಗೇ ಮುಗೀತು."

ಪಕ್ಕದ ವಾರ್ಡಿನ ಸಿದ್ದುವಿಗೂ ಅದೇ ಅಪ್ಪಣೆ. ಅವನು ನೆಟ್ಟಗೆ ಟೀ ಅಂಗಡಿಗೆ ಹೋಗಿ ಕುಳಿತ.

ಯೋಗರಾಜ ತನ್ನ ವಾರ್ಡಿಗೆ ಓಡಿದ. ಮೂರು ವಾರ ಗಂಟಲು ಹರಿದುಕೊಂಡು ಡ್ರಮ್ಮು ಬೋರಲು ಹಾಕಿಸಿ, ಹಳೇ ಟೈರು ಎತ್ತಿಸಿದವನು ಅವನೇ. ಈಗ ವಾರ್ಡು ಸೊಳ್ಳೆಮರಿಯ ಮಟ್ಟಿಗೆ ಏಕಾದಶಿ ದಿನದ ಅಡುಗೆಮನೆಯಂತೆ ಬಣಗುಡುತ್ತಿತ್ತು.

"ಬಂಗಾರಕ್ಕ, ನಿಮ್ಮನೇಲಿ ಸೊಳ್ಳೆಮರಿ ಇದ್ರೆ ಒಂದ್ ನಾಲ್ಕು ಕೊಡ್ತೀರಾ?"

ಬಂಗಾರಮ್ಮ ಸೊಂಟಕ್ಕೆ ಕೈಯಿಟ್ಟಳು. "ಹೋದ್ ವಾರ ಎರಡೇ ಎರಡು ಸಿಕ್ಕಿದ್ದಕ್ಕೆ ಬೀದೀಲಿ ನನ್ನ ಮಾನ ಹರಾಜು ಹಾಕ್ದೆ. ಇವತ್ತು ಕೈ ಒಡ್ಡಿಕೊಂಡು ಬಂದಿದೀಯಾ? ದಂಡ ಹಾಕೋಕೆ ಹೊಸ ಉಪಾಯ ಅಲ್ವಾ ಮಾರಾಯ?" ಎಂದವಳೇ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಯೋಗರಾಜ ಬಂದಿದಾನೆ, ಇದ್ದಬದ್ದ ನೀರೆಲ್ಲ ಚೆಲ್ರೇ!"

ಕೊಡ, ಬಕೆಟ್ಟು, ಕಡೆಗೆ ನಾಯಿಯ ಬಟ್ಟಲೂ ಬರಿದಾಯಿತು. ಮಹಡಿಯಿಂದ ಪದ್ಮಮ್ಮ ಚೆಲ್ಲಿದ ಬಕೆಟ್ ನೀರು ಯೋಗರಾಜನ ನೆತ್ತಿಯ ಮೇಲೇ ಬಿತ್ತು. ಅವನು ಆಸೆಯಿಂದ ಅಂಗಿ ಹಿಂಡಿ ನೋಡಿದ. ಒಂದೂ ಇಲ್ಲ.

ಹನ್ನೊಂದಕ್ಕೆ ಕಾಲುಗಂಟೆ ಬಾಕಿ ಇರುವಾಗ, ಕಾಲು ಹಿಡಿದಾದರೂ ಕೆಲಸ ಉಳಿಸಿಕೊಳ್ಳೋಣವೆಂದು ಕಚೇರಿಯ ಸಾಹೇಬರ ಕೋಣೆಗೆ ನುಗ್ಗಿದ. ಕೋಣೆ ಖಾಲಿ. ಬಡವರ ಡ್ರಮ್ಮಿನೊಳಗೆಲ್ಲ ಇಣುಕುವ ಇಲಾಖೆಯ ಟಾರ್ಚು ಇದುವರೆಗೆ ಒಮ್ಮೆಯೂ ಇಣುಕದ ಜಾಗ ಅದು. ಯೋಗರಾಜ ಇಣುಕಿದ. ಹೊರಬಂದಾಗ ಬಾಟಲಿಯಲ್ಲಿ ಹದಿನೇಳು ಮರಿಗಳು ಲಾಗ ಹಾಕುತ್ತಿದ್ದವು.

ದೊಡ್ಡ ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಭೇಷ್! ಎಲ್ಲಿ ಸಿಕ್ತು?"

ನಿಜ ಹೇಳಿದರೆ ಕಚೇರಿಯ ಸಾಹೇಬರ ಮಾನ ಹೋಗುತ್ತದೆ, ಅದರ ಬೆನ್ನಿಗೇ ತನ್ನ ಕೆಲಸ. "ನನ್ನ ವಾರ್ಡಲ್ಲೇ ಸಾರ್."

"ನಿನಗೆ?" ಎಂದು ಸಿದ್ದುವನ್ನು ಕೇಳಿದರು.

"ಎಷ್ಟ್ ಹುಡುಕಿದ್ರೂ ಒಂದೂ ಸಿಗ್ಲಿಲ್ಲ ಸಾರ್," ಎಂದ ಸಿದ್ದು, ಟೀ ವಾಸನೆಯ ಬಾಯಿಂದ.

ಒಂದು ಮರಿಯೂ ಇಲ್ಲದ ವಾರ್ಡೆಂದು ಸಿದ್ದುವಿಗೆ ಶಾಲು ಬಿತ್ತು, ಯೋಗರಾಜನ ವಾರ್ಡೂ ಸಿಕ್ಕಿತು. "ನೀನು ಇಷ್ಟು ದಿನ ಏನ್ ಕಡಿದು ಕಟ್ಟೆ ಹಾಕಿದೆ?" ಎಂದು ಯೋಗರಾಜನಿಗೆ ನೋಟಿಸು.

"ಮಕ್ಕಳೊಂದಿಗ ಸಾರ್, ಆಫೀಸಲ್ಲೇ ಇಟ್ಕೋತೀನಿ," ಎಂದು ಕಚೇರಿಯ ಸಾಹೇಬರು ಕರುಣೆ ತೋರಿದರು. ಆಮೇಲೆ ಅವನನ್ನು ಕೋಣೆಗೆ ಕರೆದೊಯ್ದು ಕಿಟಕಿಯತ್ತ ಬೆರಳು ಮಾಡಿದರು.

"ನಾಳೆಯಿಂದ ಈ ಮನಿಪ್ಲಾಂಟ್ ಬಾಟ್ಲಿ ನಿನ್ನ ಜವಾಬ್ದಾರಿ. ಬೆಳಿಗ್ಗೆ ಭರ್ತಿ ಇತ್ತು, ಯಾವನೋ ಅರ್ಧ ಬಗ್ಗಿಸ್ಕೊಂಡು ಹೋಗಿದಾನೆ! ಇನ್ಮೇಲೆ ಒಂದಿನಾನೂ ನೀರು ಚೆಲ್ಲಕೂಡದು, ತಿಳೀತಾ?"